ಅಡುಗೆಯವನಿಗೆ ಕೋರ್ಟು ಕಲಿಸಿದ ಅಳತೆ

ಮಗಳ ಕಾಯಿಲೆಯ ಬಗ್ಗೆ ಬರೆಯುತ್ತೇನೆ ಎಂದಾಗ, ನನ್ನ ಜೊತೆ ಇಪ್ಪತ್ತು ವರ್ಷದಿಂದ ಅಡುಗೆ ಮಾಡುವ ಸುಬ್ಬಣ್ಣ ನಕ್ಕುಬಿಟ್ಟ. "ನೀ ಸಾರು ಮಾಡದು ಹೆಂಗೆ ಹೇಳಿ ಬರಿ ಮಾರಾಯ, ಅದಾದ್ರೆ ನಾಲ್ಕು ಜನಕ್ಕೆ ಉಪಯೋಗಕ್ಕೆ ಬತ್ತು" ಎಂದ. ಸಾರನ್ನು ಎಲ್ಲರೂ ಮಾಡುತ್ತಾರೆ, ಕೆಟ್ಟದಾಗಿಯಾದರೂ ಮಾಡುತ್ತಾರೆ. ಆದರೆ ಮಗುವಿನ ಚಿಕಿತ್ಸೆಗೆ ಅಪ್ಪ ಕಡ್ಡಾಯವಾಗಿ ಹಾಜರಾಗಬೇಕು ಎಂದು ಕೋರ್ಟಿನಿಂದ ಕಾಗದ ಬಂದರೆ ಏನು ಮಾಡಬೇಕು ಎಂದು ಯಾರೂ ಬರೆದಿಟ್ಟಿಲ್ಲ. ನನಗೆ ಆ ಕಾಗದ ಬಂದಾಗ ನಾನು ಹುಡುಕಿದ್ದೆ, ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಮಗೂ ಅಂಥದ್ದು ಬಂದಿದ್ದರೆ ಮೊದಲು ಕೂತು ಒಂದು ಲೋಟ ನೀರು ಕುಡಿಯಿರಿ. ಮರ್ಯಾದೆ ಎಲ್ಲೂ ಹೋಗುವುದಿಲ್ಲ. ನನ್ನದು ಹೋಗಿಲ್ಲ.

ನಾನು ಅಡುಗೆಯವನು. ಯಲ್ಲಾಪುರದಲ್ಲಿ ಬಾಡಿಗೆ ಮನೆ. ಮನೆಯ ಅರ್ಧ ಜಾಗ ಹಂಡೆ, ಕಡಾಯಿ, ಸೌಟುಗಳದ್ದು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರೂ ತಾಲೂಕಿನಲ್ಲಿ ಮದುವೆ, ಗೃಹಪ್ರವೇಶ ಎಂದರೆ ಗಪ್ಪತಿ ಭಟ್ಟನನ್ನು, ಅಂದರೆ ನನ್ನನ್ನು, ಕೇಳಿ ದಿನ ಇಟ್ಟುಕೊಳ್ಳುವವರಿದ್ದಾರೆ. ಐನೂರು ಎಲೆಗೆ ಎಷ್ಟು ಅಕ್ಕಿ, ಎಷ್ಟು ಬೆಲ್ಲ ಎಂದು ನಾನು ಯಾವತ್ತೂ ತೂಗಿದವನಲ್ಲ. ಕಣ್ಣಂದಾಜೇ ನನ್ನ ತಕ್ಕಡಿ. ಇನ್ನೊಂದು ವಿಷಯವನ್ನೂ ಹೇಳಬೇಕು: ನಮ್ಮ ಕೆಲಸದಲ್ಲಿ ರುಚಿ ನೋಡುವ ಪದ್ಧತಿ ಇಲ್ಲ. ನೈವೇದ್ಯ ಆಗುವ ತನಕ ಅಡುಗೆಯವನು ನಾಲಗೆಗೆ ಒಂದು ಹನಿ ತಾಗಿಸುವಂತಿಲ್ಲ. ಹುಳಿಗೆ ಉಪ್ಪು ಸಾಕೋ ಸಾಲದೋ ಎಂಬುದನ್ನು ಕುದಿಯುವ ವಾಸನೆಯಲ್ಲೇ ತಿಳಿಯಬೇಕು. ನನಗೆ ತಿಳಿಯುತ್ತದೆ. ಜಂಬ ಎನ್ನುತ್ತೀರಾ? ಜಂಬವೇ ಸರಿ. "ನೋಡಿದರೆ ಗೊತ್ತಾಗುತ್ತದೆ" ಎನ್ನುವುದು ನನ್ನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು. ಆ ಮಾತೇ ನನ್ನ ಮಗಳ ಜೀವಕ್ಕೆ ಎರವಾಗುವುದರಲ್ಲಿತ್ತು.

ಮಗಳ ಹೆಸರು ಪ್ರಣತಿ. ಅವಳಿಗೆ ಏಳು ವರ್ಷವಾಗಿದ್ದಾಗ ಕಾಯಿಲೆ ಗೊತ್ತಾಯಿತು. ಅಷ್ಟೊತ್ತಿಗೆ ಅವಳ ಅಮ್ಮ ಸವಿತಾ ಮತ್ತು ನಾನು ಬೇರೆಯಾಗಿ ಒಂದು ವರ್ಷವಾಗಿತ್ತು. ಯಾಕೆ ಎಂಬುದು ಇಲ್ಲಿ ಬೇಡ, ಇಬ್ಬರದೂ ಬಾಯಿ ಜೋರು ಎಂದಿಟ್ಟುಕೊಳ್ಳಿ. ಸವಿತಾ ಶಿರಸಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ, ಮಗಳು ಅವಳ ಜೊತೆ. ಶನಿವಾರ ಭಾನುವಾರ ನನ್ನ ಜೊತೆ. ಆ ವರ್ಷ ಮಗು ಚೊಂಬುಗಟ್ಟಲೆ ನೀರು ಕುಡಿಯತೊಡಗಿತು, ಮೈಯಿಳಿಯಿತು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ವಾಪಸು ಬಂತು. ಬೇಸಿಗೆ, ಸೆಖೆ ಎಂದುಕೊಂಡೆವು. ಒಂದು ಬೆಳಿಗ್ಗೆ ಏಳಲೇ ಇಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೂರು ದಿನ ಗಾಜಿನ ಬಾಗಿಲಿನ ಆಚೆ ಮಲಗಿತ್ತು. ಅವಳ ದೇಹ ಇನ್ಸುಲಿನ್ ಮಾಡುವುದನ್ನೇ ನಿಲ್ಲಿಸಿದೆ, ಇನ್ನು ಪ್ರತಿ ಊಟಕ್ಕೂ ಸೂಜಿ, ಜೀವನ ಪೂರ್ತಿ ಎಂದರು ಡಾಕ್ಟರು.

ನೆಂಟರ ಬಾಯಿ ಕೇಳಬೇಕೇ? "ಅಷ್ಟು ಸಣ್ಣ ಕೂಸಿಗೆ ಶುಗರ್ರಾ? ಎಂಗ್ಳ ಕುಟುಂಬದಲ್ಲಿ ಯಾರಿಗೂ ಇಲ್ಲೆ" ಎಂದರು ಒಬ್ಬರು. "ಅಪ್ಪ ಅಡುಗೆಯವ, ಸ್ವೀಟು ಜಾಸ್ತಿ ಕೊಟ್ಟಿಕ್ಕು" ಎಂದರು ಇನ್ನೊಬ್ಬರು. ಸ್ವೀಟಿಗೂ ಈ ಕಾಯಿಲೆಗೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೂ ಅದಾಗಿ ತಿಂಗಳುಗಟ್ಟಲೆ ಕಡಬಿಗೆ ಬೆಲ್ಲ ಹಾಕುವಾಗ ನನ್ನ ಕೈ ಹಿಂದೆಮುಂದೆ ನೋಡುತ್ತಿತ್ತು. ಯಾರಿಗೂ ಹೇಳಿರಲಿಲ್ಲ ಅಷ್ಟೇ.

ಸವಿತಾ ಬೇಗ ಕಲಿತಳು. ಎಷ್ಟು ಬೇಗ ಕಲಿತಳೆಂದರೆ ನನಗೆ ಸಿಟ್ಟು ಬರುವಷ್ಟು. ಪ್ರತಿ ಶನಿವಾರ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಮಗಳನ್ನು ನನಗೆ ಒಪ್ಪಿಸುವಾಗ ಜೊತೆಗೆ ಒಂದು ನೀಲಿ ಚೀಲ ಕೊಡುತ್ತಿದ್ದಳು. ಅದರಲ್ಲಿ ಇನ್ಸುಲಿನ್ ಪೆನ್ನು, ಸೂಜಿ, ರಕ್ತ ನೋಡುವ ಮೀಟರು, ಸಕ್ಕರೆ ಡಬ್ಬಿ. ಮೇಲೊಂದು ಚೀಟಿ, ಎರಡೂ ಬದಿಗೆ ಬರೆದದ್ದು. ಊಟಕ್ಕೆ ಮೊದಲು ಬೆರಳು ಚುಚ್ಚಿ ನೋಡಬೇಕು, ಅನ್ನ ತೂಗಬೇಕು, ಇಷ್ಟಕ್ಕೆ ಇಷ್ಟು ಸೂಜಿ, ಹೀಗಾದರೆ ಹೀಗೆ. ಸಾವಿರ ಜನಕ್ಕೆ ಅನ್ನ ಹಾಕಿದವನಿಗೆ ಮಗಳಿಗೆ ಊಟ ಹಾಕುವುದು ಹೇಗೆಂದು ಚೀಟಿ! ನಾನು ಅದನ್ನು ಮಡಚಿ ಚೀಲದ ತಳಕ್ಕೆ ತುರುಕುತ್ತಿದ್ದೆ. ಮಗಳ ಮುಖ ನೋಡಿ ಸೂಜಿ ಹಾಕುತ್ತಿದ್ದೆ. ಎರಡು ವರ್ಷ ಹಾಗೆಯೇ ನಡೆಯಿತು. ಅದೃಷ್ಟಕ್ಕೆ ನಾನು ಕೈಗುಣ ಎಂದು ಹೆಸರಿಟ್ಟುಕೊಂಡಿದ್ದೆ.

ಅವಳಿಗೆ ಒಂಬತ್ತಾದಾಗ ಸಿದ್ದಾಪುರದ ಕಡೆ ಒಂದು ಗೃಹಪ್ರವೇಶದ ಅಡುಗೆ ಹಿಡಿದಿದ್ದೆ. ಭಾನುವಾರವಾದ್ದರಿಂದ ಮಗಳನ್ನೂ ಕರೆದುಕೊಂಡು ಹೋದೆ. ಮನೆಯ ಯಜಮಾನರು ಅಡುಗೆ ಕೋಣೆಗೆ ಬಂದು "ಎಲೆ ಹಾಕಿ ಆತು ಭಟ್ರೆ, ಹತ್ತು ಮಿನಿಟಲ್ಲಿ ಪಂಕ್ತಿ ಕೂರ್ತು" ಎಂದರು. ಊಟಕ್ಕೆ ಹತ್ತು ಹದಿನೈದು ನಿಮಿಷ ಮೊದಲು ಸೂಜಿ ಹಾಕಬೇಕು ಎಂಬುದಷ್ಟೇ ನನಗೆ ನೆನಪಿದ್ದದ್ದು. ಹಾಕಿದೆ. ಅವಳು ಹೋಗಿ ಎಲೆಯ ಮುಂದೆ ಕೂತಳು. ಬಡಿಸಿಯೂ ಆಯಿತು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಅನ್ನ, ತೊವ್ವೆ, ತುಪ್ಪ, ಪಾಯಸ, ಎಲ್ಲ ಅವಳ ಮುಂದಿತ್ತು. ಆದರೆ ಪುರೋಹಿತರ ಆಶೀರ್ವಾದ ಮುಗಿದಿರಲಿಲ್ಲ. ಅವರು ಬಂದು ಕೂತು, ನೀರು ಬಿಟ್ಟು ಆಪೋಶನ ತೆಗೆದುಕೊಂಡು ಎಲೆಗೆ ಕೈ ಹಾಕುವ ತನಕ ಪಂಕ್ತಿಯಲ್ಲಿ ಯಾರೂ ಅನ್ನ ಮುಟ್ಟುವಂತಿಲ್ಲ.

ಅದನ್ನು ಅವಳಿಗೆ ಕಲಿಸಿದವನು ನಾನೇ. ಬೇರೆ ಮಕ್ಕಳು ಪಾಯಸಕ್ಕೆ ಬೆರಳು ಅದ್ದುತ್ತಾರೆ, ಹಪ್ಪಳ ಮುರಿಯುತ್ತಾರೆ. "ಅಡುಗೆಯವನ ಮಗಳು ನೀನು, ಎಲ್ಲರಿಗಿಂತ ಮೊದಲು ಕೈ ಹಾಕಲಾಗ" ಎಂದು ಅವಳು ಐದು ವರ್ಷದವಳಿದ್ದಾಗಲೇ ಹೇಳಿದ್ದೆ. ಎಂಥ ಮಗು ಎಂದು ಜನ ಹೊಗಳುತ್ತಿದ್ದರು, ನಾನು ಉಬ್ಬುತ್ತಿದ್ದೆ. ಅವತ್ತು ಮೈಯಲ್ಲಿ ಇನ್ಸುಲಿನ್ ಇಟ್ಟುಕೊಂಡು, ಮುಂದೆ ಅನ್ನ ಇಟ್ಟುಕೊಂಡು, ಕೈ ಕಟ್ಟಿಕೊಂಡು ನಲವತ್ತು ನಿಮಿಷ ಕೂತಿತ್ತು ನನ್ನ ಕೂಸು. ನಾನು ಒಳಗೆ ಎರಡನೇ ಪಂಕ್ತಿಯ ಅನ್ನ ಬಸಿಯುತ್ತಿದ್ದೆ.

ಹೊರಗಿನಿಂದ ಕೂಗು ಕೇಳಿ ಓಡಿದೆ. ಅವಳು ಪಕ್ಕದ ಹೆಂಗಸಿನ ಮೈಮೇಲೆ ಒರಗಿದ್ದಳು. ಮುಖ ಬಿಳಿಚಿತ್ತು, ಬೆವರಿತ್ತು, ಕೈ ನಡುಗುತ್ತಿತ್ತು. ಯಾರೋ ಪಾಯಸದ ದೊನ್ನೆ ಎತ್ತಿದರೆ ಇನ್ನೊಬ್ಬರು ಕಿತ್ತುಕೊಂಡರು. "ಶುಗರ್ ಇಪ್ಪ ಕೂಸಿಗೆ ಸ್ವೀಟು ಕೊಡಡಿ!" ಎಂದು ಕಿರುಚಿದರು. ನನಗೂ ಹಾಗೇ ಅನ್ನಿಸಿತು. ಕದ್ದು ಪಾಯಸ ಕುಡಿದಿದ್ದಾಳೆ, ಶುಗರ್ ಏರಿದೆ, ಮುಖ ನೋಡಿದರೆ ಗೊತ್ತಾಗುತ್ತದಲ್ಲ.

ಮುಂದಿನದನ್ನು ಬರೆಯಲು ಈಗಲೂ ಕಷ್ಟ. ನಾನು ಚೀಲ ಬಿಚ್ಚಿ ಪೆನ್ನು ತೆಗೆದೆ, ಇನ್ನೊಂದು ಸಲ ಇನ್ಸುಲಿನ್ ಹಾಕಲು. ಎಷ್ಟು ಹಾಕಬೇಕೆಂಬ ಅಳತೆಯ ತಿರುಪು ತಿರುಗಿಸಿದೆ, ಟಿಕ್ ಟಿಕ್ ಎಂದಿತು. ಅಂಗಿ ಮೇಲೆತ್ತಿದೆ. ಅವಳು ಎರಡೂ ಕೈಯಲ್ಲಿ ಹೊಟ್ಟೆ ಮುಚ್ಚಿಕೊಂಡಳು. "ಅಪ್ಪಯ್ಯ, ಬ್ಯಾಡ. ಆಯಿ ಚೀಟಿ ನೋಡು" ಎಂದಳು. ನಾಲಗೆ ತೊದಲುತ್ತಿತ್ತು.

ಚೀಲದ ತಳದಿಂದ ಚೀಟಿ ಎಳೆದೆ. ಸವಿತಾಳ ದುಂಡಗಿನ ಅಕ್ಷರ, ಕೆಂಪು ಶಾಯಿಯಲ್ಲಿ: "ನಡುಗಿದರೆ, ಬೆವರಿದರೆ ಶುಗರ್ ಇಳಿದಿದೆ. ಮೊದಲು ಸಕ್ಕರೆ. ಆಮೇಲೆ ನನಗೆ ಫೋನ್. ಇನ್ಸುಲಿನ್ ಹಾಕಬೇಡಿ." ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಸಿದೆ. ನುಂಗುವಷ್ಟು ಎಚ್ಚರ ಅವಳಿಗೆ ಇನ್ನೂ ಇತ್ತು, ದೇವರು ದೊಡ್ಡವನು. ಹದಿನೈದು ನಿಮಿಷದಲ್ಲಿ ಕಣ್ಣು ಸರಿಯಾಗಿ ತೆರೆದಳು. ಆಮೇಲೆ ಸಿದ್ದಾಪುರದ ಡಾಕ್ಟರ ಬಳಿ ಕರೆದೊಯ್ದೆವು. ಸೂಜಿ ಹಾಕಿದ ಮೇಲೆ ಊಟ ತಡವಾಗಿ ಶುಗರ್ ಇಳಿದಿತ್ತು, ಇನ್ನೊಂದು ಸೂಜಿ ಬಿದ್ದಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂಬುದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಪೆನ್ನಿನ ತಿರುಪನ್ನು ನಾನು ಸದ್ದಿಲ್ಲದೆ ಸೊನ್ನೆಗೆ ತಂದಿಟ್ಟಿದ್ದೆ. ಅದು ಯಾರ ಗಮನಕ್ಕೂ ಬರಲಿಲ್ಲ, ಮಗಳೂ ಅಮ್ಮನಿಗೆ ಹೇಳಲಿಲ್ಲ.

ಮಗಳನ್ನು ಇನ್ನು ನನ್ನ ಜೊತೆ ಕಳಿಸುವುದಿಲ್ಲ ಎಂದು ಸವಿತಾ ಶಿರಸಿಯ ಕೋರ್ಟಿಗೆ ಅರ್ಜಿ ಹಾಕಿದಳು. ನಾನೂ ವಕೀಲರನ್ನು ಹಿಡಿದೆ. "ಮಗು ಸುಸ್ತಾದದ್ದು ಕಂಡ ಕೂಡಲೇ ಸಕ್ಕರೆ ಕೊಟ್ಟೆ" ಎಂದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಜಡ್ಜ್ ಮೇಡಂ ಎರಡೂ ಕಡೆ ಕೇಳಿ, ನನ್ನ ಕಡೆ ನೋಡಿ, "ನಿಮ್ಮ ಹಕ್ಕು ಕಿತ್ತುಕೊಳ್ತಾ ಇಲ್ಲ ಭಟ್ಟರೇ. ಕಲಿತು ಬನ್ನಿ ಅಂತಿದ್ದೀನಿ" ಎಂದರು. ಆದೇಶ ಹೀಗಿತ್ತು: ಆರು ತಿಂಗಳು, ಎರಡು ವಾರಕ್ಕೊಮ್ಮೆ ಮಂಗಳವಾರ, ಶಿರಸಿಯ ಮಕ್ಕಳ ಆಸ್ಪತ್ರೆಯ ತರಬೇತಿಗೆ ಅಪ್ಪ ಅಮ್ಮ ಇಬ್ಬರೂ ಮಗುವಿನ ಜೊತೆ ಹಾಜರಾಗಬೇಕು. ಹಾಜರಿ ಪುಸ್ತಕಕ್ಕೆ ಸಹಿ. ಕೊನೆಗೆ ಆಸ್ಪತ್ರೆಯ ವರದಿ. ಅಲ್ಲಿಯ ತನಕ ಮಗಳು ನನ್ನ ಮನೆಗೆ ಬರುವಂತಿಲ್ಲ, ಭಾನುವಾರ ಹಗಲು ಸವಿತಾಳ ಮನೆಯಲ್ಲಿ, ಅವಳ ಎದುರಿಗೇ ನೋಡಬೇಕು. ಆರು ತಿಂಗಳಾದ ಮೇಲೆ ಶನಿವಾರ ಭಾನುವಾರ ವಾಪಸು ಸಿಗುತ್ತದೋ ಇಲ್ಲವೋ ಎಂಬುದು ಆ ವರದಿಯ ಮೇಲೆ.

ಹೊರಗೆ ಬಂದು ಕೋರ್ಟಿನ ಮೆಟ್ಟಿಲ ಮೇಲೆ ಬಾಯಿಗೆ ಬಂದದ್ದೆಲ್ಲ ಬೈದೆ. ಕಾನೂನು, ವಕೀಲರು, ಸವಿತಾ, ಅವಳ ಹೊಲಿಗೆ ಮಿಷನ್ನು, ಯಾರನ್ನೂ ಬಿಡಲಿಲ್ಲ. ಜೊತೆಗೆ ಬಂದಿದ್ದ ಸುಬ್ಬಣ್ಣ ಎಲ್ಲ ಕೇಳಿಸಿಕೊಂಡು, "ಆತಾ? ಹಂಗಾದ್ರೆ ಮಂಗಳವಾರ ಎಷ್ಟೊತ್ತಿಗೆ ಬಸ್ಸು ನೋಡು" ಎಂದ.

ಮೊದಲ ಮಂಗಳವಾರ ಆಸ್ಪತ್ರೆಯ ಬೆಂಚಿನ ಒಂದು ತುದಿಗೆ ನಾನು, ಇನ್ನೊಂದು ತುದಿಗೆ ಸವಿತಾ, ನಡುವೆ ಪ್ರಣತಿ. ಎದುರಿನ ಬೆಂಚಿನಲ್ಲಿ ಗುಡ್ನಾಪುರದ ರೈತ ವೀರಭದ್ರಪ್ಪ, ಪಕ್ಕದಲ್ಲಿ ಕಾಲೇಜಿಗೆ ಹೋಗುವ ಮಗಳು. ಅವಳಿಗೆ ಎಂಟು ವರ್ಷದಿಂದ ಇದೇ ಕಾಯಿಲೆಯಂತೆ. ನನ್ನ ಮುಖ ನೋಡಿಯೇ ಅವರಿಗೆ ತಿಳಿದಿರಬೇಕು. "ಬರ್ರಿ ಭಟ್ರ, ಈ ಕಡೆ ಕುಂದ್ರಿ. ಅಲ್ಲಿ ಫ್ಯಾನ್ ಬರಂಗಿಲ್ಲ" ಎಂದರು. ಹೋಗಿ ಕೂತೆ. "ಕೋರ್ಟ್ ಹೇಳಿ ಕಳಿಸೇತೇನ್ರಿ?" ಎಂದು ಮೆಲ್ಲಗೆ ಕೇಳಿದರು. ಮೈ ಉರಿಯಿತು. ಹೌದು, ಏನೀಗ ಎಂದೆ. "ಏನಿಲ್ರಿ. ನನ್ನ ಹೆಂಡ್ತಿ ಹೇಳಿ ಕಳಿಸಿದ್ಳು, ಅದೂ ಕೋರ್ಟೇ ಐತಿ" ಎಂದರು. ಎಷ್ಟೋ ದಿನದ ಮೇಲೆ ನಾನು ನಕ್ಕದ್ದು ಅಲ್ಲಿ.

ತರಬೇತಿ ಕೊಡುವವರು ಕರಾವಳಿಯ ಕಡೆಯ ಸಿಸ್ಟರ್ ಫಿಲೋಮಿನಾ. ಸಣ್ಣ ಆಳು, ದೊಡ್ಡ ಕನ್ನಡಕ. ನಾನು ಅಡುಗೆಯವನೆಂದು ಗೊತ್ತಾದ ಕೂಡಲೇ ಒಂದು ಪಾತ್ರೆ ಅನ್ನ, ಒಂದು ಪುಟ್ಟ ತಕ್ಕಡಿ ತಂದಿಟ್ಟರು. "ಭಟ್ರೇ, ಕೈಯಲ್ಲಿ ಅಂದಾಜು ಮಾಡಿ ನೂರು ಗ್ರಾಂ ಹಾಕಿ" ಎಂದರು. ಹತ್ತು ಜನ ಅಪ್ಪ ಅಮ್ಮಂದಿರು ನೋಡುತ್ತಿದ್ದರು. ಸರಿ, ತೋರಿಸೇ ಬಿಡುವಾ ಎಂದು ಹಾಕಿದೆ. ನೂರ ಐವತ್ತು ತೋರಿಸಿತು. ತಕ್ಕಡಿ ಸರಿಯಿಲ್ಲ ಎಂದೆ. ಬೇರೆ ತಂದರು. ಅದೂ ನೂರ ಐವತ್ತೇ ಎಂದಿತು.

ನನ್ನ ಕಿವಿ ಬಿಸಿಯಾಯಿತು. ಐನೂರು ಜನರ ಅಂದಾಜು ಒಂದು ಹಿಡಿಯಷ್ಟೂ ತಪ್ಪಿದವನಲ್ಲ ನಾನು ಎಂದು ಜೋರಾಗಿಯೇ ಹೇಳಿದೆ. ಸಿಸ್ಟರ್ ಸಿಟ್ಟು ಮಾಡಿಕೊಳ್ಳಲಿಲ್ಲ. "ತಪ್ಪೋದಿಲ್ಲ, ನಂಬ್ತೇನೆ. ಐನೂರು ಜನರಲ್ಲಿ ಒಬ್ಬರಿಗೆ ಹೆಚ್ಚು ಬಿತ್ತು, ಒಬ್ಬರಿಗೆ ಕಡಿಮೆ ಬಿತ್ತು, ಒಟ್ಟಿನಲ್ಲಿ ಸರಿಹೋಗ್ತದೆ. ಇಲ್ಲಿ ಉಣ್ಣೋದು ಒಬ್ಬಳೇ ಅಲ್ವಾ" ಎಂದರು. ಸವಿತಾ ನಗುತ್ತಿದ್ದಾಳೇನೋ ಎಂದು ತಿರುಗಿ ನೋಡಿದೆ. ನಗುತ್ತಿರಲಿಲ್ಲ, ಮಗಳ ತಲೆ ಸವರುತ್ತಿದ್ದಳು.

ಆಮೇಲೆ ನಾನು ಹಠಕ್ಕೆ ಬಿದ್ದೆ. ಹಠ ನನಗೆ ಚೆನ್ನಾಗಿ ಬರುತ್ತದೆ. ಯಲ್ಲಾಪುರದ ಮನೆಯಲ್ಲಿ ನನ್ನದೇ ಬೆರಳು ದಿನಕ್ಕೆ ನಾಲ್ಕು ಸಲ ಚುಚ್ಚಿಕೊಂಡು ರಕ್ತ ನೋಡುವುದನ್ನು ಅಭ್ಯಾಸ ಮಾಡಿದೆ. ಎಷ್ಟು ನೋಯುತ್ತದೆ ಎಂಬುದು ಅವತ್ತೇ ನನಗೆ ಗೊತ್ತಾದದ್ದು. ಎರಡು ವರ್ಷದಿಂದ ಅದು ಮಗುವಿನ ಬೆರಳು. ತೆಳ್ಳೇವು ಎಂಬ ತೆಳು ದೋಸೆ ಎರೆದು ಒಂದೊಂದನ್ನೇ ತೂಗಿದೆ. ಅದರ ಜೊತೆ ಹಾಕಿಕೊಳ್ಳುವ ಜೋನಿ ಬೆಲ್ಲವನ್ನೂ ತೂಗಿದೆ. ನೀರಿನ ಹಾಗೆ ಹರಿಯುವ ಆ ಬೆಲ್ಲವನ್ನು ನಾನು ಸಕ್ಕರೆಯ ಲೆಕ್ಕಕ್ಕೆ ಹಿಡಿದೇ ಇರಲಿಲ್ಲ, ಅದು ಮನೆಯದ್ದು, ಏನೂ ಆಗುವುದಿಲ್ಲ ಎಂದುಕೊಂಡಿದ್ದೆ. ಒಂದು ಸೌಟಿನ ಒಳಗೆ ಮೊಳೆಯಿಂದ ಗೀರು ಹಾಕಿ, ಈ ಗೀರಿಗೆ ಇಷ್ಟು ಅನ್ನ ಎಂದು ಗುರುತು ಮಾಡಿದೆ. ಮೂರನೇ ತಿಂಗಳಿಗೆ ಆ ಸೌಟನ್ನು ಆಸ್ಪತ್ರೆಗೆ ಒಯ್ದೆ. ಸಿಸ್ಟರ್ ಅದರಲ್ಲಿ ಐದು ಸಲ ಅನ್ನ ತುಂಬಿ ತಕ್ಕಡಿಗೆ ಹಾಕಿ ನೋಡಿ, "ಇಂಥದ್ದು ನಮಗೂ ನಾಲ್ಕು ಮಾಡಿಕೊಡಿ" ಎಂದರು. ವೀರಭದ್ರಪ್ಪನವರು ರೊಟ್ಟಿಗೂ ಹೀಗೊಂದು ಅಳತೆ ಹೇಳಿಕೊಡಿ ಎಂದು ಹಿಂದೆ ಬಿದ್ದರು. ನಾನು ಮತ್ತೆ ಸ್ವಲ್ಪ ಉಬ್ಬಿದೆ.

ಅದೇ ಮಂಗಳವಾರ ಸಿಸ್ಟರ್ ಎಲ್ಲರನ್ನೂ ವೃತ್ತವಾಗಿ ಕೂರಿಸಿದರು. ಮಕ್ಕಳನ್ನು ಆಟದ ಕೋಣೆಗೆ ಕಳಿಸಿ, "ಈ ಕಾಯಿಲೆ ಬಂದ ಮೇಲೆ ನಿಮ್ಮ ತೀರಾ ಕೆಟ್ಟ ದಿನ ಯಾವುದು? ಹೇಳಬೇಕು ಅನ್ನಿಸಿದವರು ಹೇಳಿ" ಎಂದರು. ಸವಿತಾ ಮೊದಲು ಮಾತಾಡಿದಳು. ಹುಬ್ಬಳ್ಳಿಯಲ್ಲಿ ಮೊದಲ ಸಲ ಸೂಜಿ ಚುಚ್ಚುವಾಗ ಕಣ್ಣು ಮುಚ್ಚಿಕೊಂಡಳಂತೆ. ಮಗಳು, "ಆಯಿ, ನೀ ಕಣ್ಣು ಮುಚ್ಚಡ, ಎಂಗೆ ಹೆದ್ರಿಕೆ ಆಗ್ತು" ಎಂದಳಂತೆ. ಅವತ್ತಿನಿಂದ ಕಣ್ಣು ಮುಚ್ಚಿಲ್ಲ ಎಂದಳು. ಆಗ ಆ ಕಾರಿಡಾರಿನಲ್ಲಿ ನಾನೂ ಇದ್ದೆ. ಇದು ನನಗೆ ಗೊತ್ತೇ ಇರಲಿಲ್ಲ.

ನನ್ನ ಬಾಯಿ ಹೇಗೆ ತೆರೆಯಿತೋ ಗೊತ್ತಿಲ್ಲ. ಗೃಹಪ್ರವೇಶದ ಊಟ ಹೇಳಿದೆ. ಪೆನ್ನು ತೆಗೆದದ್ದು ಹೇಳಿದೆ, ತಿರುಪು ತಿರುಗಿಸಿದ್ದು, ಅಂಗಿ ಎತ್ತಿದ್ದು, ಮಗು ಹೊಟ್ಟೆ ಮುಚ್ಚಿಕೊಂಡದ್ದು, ಎಲ್ಲ. "ಎರಡು ವರ್ಷದಲ್ಲಿ ಸವಿತಾಳ ಚೀಟಿ ಓದಿದ್ದು ಅದೊಂದೇ ಸಲ" ಎಂದೆ. ಹೇಳುತ್ತಿದ್ದಂತೆ ನಾನು ಹುಡುಗರ ಹಾಗೆ ಅತ್ತುಬಿಟ್ಟೆ. ಸವಿತಾ ಎದ್ದು ಹೊರಗೆ ಹೋದಳು.

ಮುಗಿಯಿತು ಎಂದುಕೊಂಡೆ. ನನ್ನ ಬಾಯಿಂದಲೇ ಅವಳ ವಕೀಲರಿಗೆ ಬೇಕಾದದ್ದು ಸಿಕ್ಕಿತ್ತು. ಶನಿವಾರ ಭಾನುವಾರ ಹೋಯಿತು, ಇನ್ನು ಮಗಳು ದೊಡ್ಡವಳಾಗುವ ತನಕ ಯಾರದೋ ಜಗಲಿಯಲ್ಲಿ ಕೂತು ನೋಡಿ ಬರಬೇಕು ನಾನು. ಬೆಂಚಿನಲ್ಲಿ ಕೂತಿದ್ದಾಗ ವೀರಭದ್ರಪ್ಪ ಚಹಾ ತಂದುಕೊಟ್ಟರು. ಹೇಳಬಾರದಿತ್ತಾ ಎಂದು ಕೇಳಿದೆ. "ಹೇಳಿದ್ದು ಚಲೋ ಆತ್ರಿ. ಒಳಗ ಇಟ್ಕೊಂಡ್ರ ಕೊಳೀತೈತಿ ಅದು" ಎಂದರು. ಸಮಾಧಾನವಾಗಲಿಲ್ಲ, ಚಹಾ ಮಾತ್ರ ಕುಡಿದೆ.

ಆ ಭಾನುವಾರ ಬಾಗಿಲು ತೆರೆಯುತ್ತಾಳೋ ಇಲ್ಲವೋ ಎಂದುಕೊಂಡೇ ಸವಿತಾಳ ಮನೆಗೆ ಹೋದೆ. ತೆರೆದಳು. ನೀಲಿ ಚೀಲ ತಂದು ನನ್ನ ಎದುರಿಗಿಟ್ಟಳು. "ಇವತ್ತು ಎಲ್ಲ ನಿಂಗ್ಳೇ ಮಾಡಿ. ಆನು ಬಾಯಿ ಹಾಕ್ತ್ನಿಲ್ಲೆ" ಎಂದಳು. ಬೆರಳು ಚುಚ್ಚಿದೆ, ಓದಿದೆ, ಅನ್ನ ತೂಗಿದೆ, ಲೆಕ್ಕ ಮಾಡಿದೆ, ಸೂಜಿ ಹಾಕಿದೆ, ಬಡಿಸಿದೆ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಒಂದು ಗಂಟೆ ಸವಿತಾ ಮಾತಾಡದೆ ನಿಂತದ್ದನ್ನು ನಾನು ಮದುವೆಯಾದ ಮೇಲೆ ಕಂಡದ್ದು ಅದೇ ಮೊದಲು. ಮುಂದಿನ ಮೂರು ತಿಂಗಳು ಪ್ರತಿ ಭಾನುವಾರ ಹಾಗೆಯೇ ನಡೆಯಿತು. ಒಂದೆರಡು ಸಲ ಲೆಕ್ಕ ತಪ್ಪಿದೆ, ನನಗೇ ಗೊತ್ತಾಗಿ ತಿದ್ದಿಕೊಂಡೆ.

ಆರು ತಿಂಗಳು ಮುಗಿದ ಮೇಲೆ ಕೋರ್ಟಿಗೆ ಹೋದೆವು. ಒಂದು ಮಂಗಳವಾರವೂ ತಪ್ಪಿಸಿರಲಿಲ್ಲ ನಾನು, ಒಂದು ದೊಡ್ಡ ಮದುವೆಯ ಅಡುಗೆಯನ್ನೂ ಅದಕ್ಕಾಗಿ ಬಿಟ್ಟಿದ್ದೆ. ಸಿಸ್ಟರ್ ಬರೆದ ವರದಿ ಚೆನ್ನಾಗಿಯೇ ಇತ್ತು. ಜಡ್ಜ್ ಮೇಡಂ ಓದಿ, ಸವಿತಾಳನ್ನು ಕೇಳಿದರು: "ನಿಮ್ಮ ಆಕ್ಷೇಪಣೆ ಏನಾದ್ರೂ ಇದೆಯಾ?"

ಪೆನ್ನಿನ ವಿಷಯ ಹೇಳುತ್ತಾಳೆ ಎಂದು ನಾನು ನೆಲ ನೋಡುತ್ತಾ ನಿಂತೆ.

"ಇಲ್ಲ ಮೇಡಂ. ಮೊದಲು ಇವರಿಗೆ ಹೆದರಿಕೆ ಅನ್ನೋದೇ ಇರಲಿಲ್ಲ. ಈಗ ಬಂದಿದೆ. ಕಳಿಸ್ತೇನೆ" ಎಂದಳು.

ನನ್ನ ಮದುವೆಯ ದಿನವೂ ಯಾರೂ ನನ್ನ ಬಗ್ಗೆ ಇಷ್ಟು ಒಳ್ಳೆಯ ಮಾತು ಆಡಿರಲಿಲ್ಲ.

ಮುಂದಿನ ಭಾನುವಾರ ಎಕ್ಕಂಬಿಯಲ್ಲಿ ಒಂದು ಮದುವೆ ಊಟ ನನ್ನ ಕೈಯಲ್ಲಿತ್ತು. ಕೋರ್ಟಿನಿಂದ ಬಂದ ಮರುದಿನವೇ ಆ ಮನೆಗೆ ಹೋಗಿ ಹೇಳಿದೆ: ಮಗಳು ಬರುತ್ತಾಳೆ, ಅವಳು ಪಂಕ್ತಿಗೆ ಕಾಯುವುದಿಲ್ಲ, ಮೊದಲು ಉಣ್ಣುತ್ತಾಳೆ, ಆಗದಿದ್ದರೆ ಬೇರೆ ಅಡುಗೆಯವರನ್ನು ನೋಡಿಕೊಳ್ಳಿ. ಜಗಳಕ್ಕೇ ತಯಾರಾಗಿ ಹೋಗಿದ್ದೆ. ಅಲ್ಲಿದ್ದ ಮುದಿ ಪುರೋಹಿತರು ನನ್ನನ್ನು ನೋಡಿ, "ಸಣ್ಣ ಮಕ್ಕಳಿಗೆ ಎಂತ ಆಪೋಶನ ಮಾರಾಯ? ಉಣ್ಣಲಿ. ಯಾರು ಬ್ಯಾಡ ಹೇಳಿದ್ದು?" ಎಂದರು. ಯಾರು ಹೇಳಿದ್ದು? ನಾನೇ ಹೇಳಿದ್ದು. ಅವತ್ತು ಸಿದ್ದಾಪುರದಲ್ಲಿಯೂ ಕೇಳಿದ್ದರೆ ಯಾವ ಪುರೋಹಿತರೂ ಬೇಡ ಎನ್ನುತ್ತಿರಲಿಲ್ಲ. ಕೇಳಿದವನು ಯಾರು?

ಆ ಮದುವೆಯ ಹಿಂದಿನ ದಿನ, ಶನಿವಾರ, ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಸವಿತಾ ಮಗಳನ್ನೂ ನೀಲಿ ಚೀಲವನ್ನೂ ಕೊಟ್ಟು ಅಂಗಡಿ ತೆರೆಯಲು ಹೊರಟುಹೋದಳು. ಬಸ್ಸಿನಲ್ಲಿ ಕೂತು ಚೀಲ ಬಿಚ್ಚಿದೆ. ಪೆನ್ನು, ಸೂಜಿ, ಮೀಟರು, ಸಕ್ಕರೆ ಡಬ್ಬಿ ಇತ್ತು. ಚೀಟಿ ಇರಲಿಲ್ಲ. ತಳದಲ್ಲಿ ಹುಡುಕಿದೆ, ಪಕ್ಕದ ಜೇಬಿನಲ್ಲಿ ಹುಡುಕಿದೆ, ಮಗಳ ಬಟ್ಟೆ ಚೀಲವನ್ನೂ ಬಿಚ್ಚಿದೆ. ಫೋನ್ ಮಾಡಿದೆ.

"ಚೀಟಿ ಎಲ್ಲಿ ಹಾಕಿದ್ದೆ? ಮರ್ತು ಹೋತಾ?"

"ಮರ್ತಿದ್ದಲ್ಲ. ಬರದ್ನಿಲ್ಲೆ."

"ಎಂತಕ್ಕೆ?"

"ಇನ್ನೆಂತಕ್ಕೆ ಚೀಟಿ? ನಿಮ್ಗೆ ಎಲ್ಲ ಗೊತ್ತಿದ್ದು" ಎಂದು ಫೋನ್ ಇಟ್ಟಳು.

ಬಸ್ಸು ಹೊರಟಿತು. ಕಿಟಕಿಯ ಹೊರಗೆ ನೋಡುತ್ತಾ ಕೂತೆ, ಏನೂ ಕಾಣಿಸಲಿಲ್ಲ. ಪ್ರಣತಿ, "ಅಪ್ಪಯ್ಯ, ಅಳ್ತಾ ಇದ್ಯ?" ಎಂದಳು. ಕಣ್ಣಿಗೆ ಧೂಳು ಎಂದೆ. ಗಾಜು ಹಾಕಿದೆಯಲ್ಲ ಎಂದಳು.

ಎಕ್ಕಂಬಿಯಲ್ಲಿ ಮರುದಿನ ಒಲೆ ಹಚ್ಚುವ ಮೊದಲು ಸುಬ್ಬಣ್ಣನ ಸಾಮಾನಿನ ಪಟ್ಟಿಯಿಂದ ಒಂದು ಹಾಳೆ ಹರಿದುಕೊಂಡೆ. ಅಡುಗೆ ಕೋಣೆಯ ಗಡಿಬಿಡಿ ನನಗೆ ಗೊತ್ತು, ನನ್ನ ಜಂಬವೂ ಗೊತ್ತು. ದೊಡ್ಡ ಅಕ್ಷರದಲ್ಲಿ ಬರೆದೆ: "ಸೂಜಿಗೆ ಮೊದಲು ಬೆರಳು. ಅನ್ನ ಕೈಯಲ್ಲಿದ್ದರೆ ಮಾತ್ರ ಸೂಜಿ. ನಡುಗಿದರೆ, ಬೆವರಿದರೆ ಮೊದಲು ಸಕ್ಕರೆ. ಆಮೇಲೆ ಆಯಿಗೆ ಫೋನ್." ಪೆನ್ನಿಗೆ ಸುತ್ತಿ ರಬ್ಬರ್ ಹಾಕಿದೆ.

ಊಟದ ಹೊತ್ತಿಗೆ, ಪಂಕ್ತಿಗೆ ಎಲೆ ಹಾಸುವ ಮೊದಲೇ ಅವಳಿಗೆ ಒಂದು ಎಲೆ ಹಾಕಿ, ಗೀರು ಹಾಕಿದ ಸೌಟಿನಲ್ಲಿ ಅನ್ನ ಬಡಿಸಿದೆ. ಬೆರಳು ಚುಚ್ಚಿ ನೋಡಿ, ಲೆಕ್ಕ ಮಾಡಿ ಸೂಜಿ ಹಾಕಿದೆ. ಅವಳು ಪೆನ್ನಿಗೆ ಸುತ್ತಿದ್ದ ಚೀಟಿ ಬಿಡಿಸಿ ಓದಿದಳು.

"ಅಪ್ಪಯ್ಯ, ನಿನ್ನ ಅಕ್ಷರ ಆಯಿದಕ್ಕಿಂತ ಕೆಟ್ಟದಾಗಿದ್ದು" ಎಂದಳು.

"ಅಡ್ಡಿಲ್ಲೆ, ಉಣ್ಣು" ಎಂದೆ.

ಅವಳು ಆಚೆ ಈಚೆ ನೋಡಿದಳು. ಇನ್ನೂ ಯಾರೂ ಕೂತಿರಲಿಲ್ಲ. ನನ್ನ ಮುಖ ಒಂದು ಸಲ ನೋಡಿ, ಎಲ್ಲರಿಗಿಂತ ಮೊದಲು ಎಲೆಗೆ ಕೈ ಹಾಕಿದಳು.